ಸಾರಖಂ ದಿಸತಂ ಕಾ?

ಟಿವಿ ನೋಡಿದ್ದಕ್ಕೆ ನಾನು ತಲೆಯ ಡಾಕ್ಟರ ಮುಂದೆ ಹೋಗಿ ಕೂರಬೇಕಾಯಿತು. ನೋಡಬಾರದ್ದೇನನ್ನೂ ನೋಡಿರಲಿಲ್ಲ. ಮೊಮ್ಮಗಳು ನೋಡು ಎಂದಳು, ನೋಡಿದೆ. ಗುಂಡಿ ಒತ್ತು ಎಂದಳು, ಒತ್ತಿದೆ. ಅಷ್ಟಕ್ಕೇ ಮನೆಯವರೆಲ್ಲ ಸೇರಿ ಮುದುಕಿಗೆ ಮರೆವು ಹತ್ತಿದೆ, ಇನ್ನು ಇವಳ ಕೈಗೆ ಗ್ಯಾಸು ಕೊಡಬಾರದು ಎಂದು ಗೊತ್ತು ಮಾಡಿದರು.

ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ನಮ್ಮದು ಎರಡು ಖೋಲಿಯ ಮನೆ. ಗೋಡೆಯ ಆಚೆಗೇ ಮಗ್ಗದ ಶೆಡ್ಡು. ಗಂಡ ಇರುವ ತನಕ ಅಲ್ಲಿ ದುಡಿದ, ಈಗ ಮಗ ದುಡಿಯುತ್ತಾನೆ. ಮೈಯಲ್ಲಿ ಕಸುವಿದ್ದಾಗ ನಾನೂ ಅಲ್ಲೇ ಕಾಂಡಿ ತುಂಬುತ್ತಿದ್ದೆ. ಕಾಂಡಿ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಮಗ್ಗ ನಡೆಯುವಾಗ ನಮ್ಮ ಮನೆಯಲ್ಲಿ ಕೊಡ ಉರುಳಿ ಬಿದ್ದರೂ ಕೇಳುವುದಿಲ್ಲ. ಹೀಗಾಗಿ ನಮ್ಮ ಓಣಿಯಲ್ಲಿ ಟಿವಿ ನೋಡುವುದೆಂದರೆ ಬರೀ ನೋಡುವುದು. ಯಾರು ಏನು ಅಂದರು ಎಂಬುದು ಕರೆಂಟು ಹೋಗಿ ಮಗ್ಗ ನಿಂತಾಗ ತಿಳಿಯಬೇಕು, ಆದರೆ ಆಗ ಟಿವಿಯೂ ನಿಂತಿರುತ್ತದೆ. ನಾನು ದಿನವೆಲ್ಲ ಮಾತಿಲ್ಲದ ಟಿವಿ ನೋಡುತ್ತೇನೆ. ಕನ್ನಡದ್ದಾದರೂ ಸರಿ, ಮರಾಠಿಯದ್ದಾದರೂ ಸರಿ, ಹಿಂದಿಯಾದರೂ ಸರಿ.

ಮೊಮ್ಮಗಳು ಮಗನ ಮಗಳು. ಕೊಲ್ಲಾಪುರದಲ್ಲಿ ಕಲಿತು ಅಲ್ಲೇ ಒಂದು ಆಫೀಸು ಹಿಡಿದಿದ್ದಾಳೆ. ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಏನು ಕೆಲಸ ಮಾಡುತ್ತಾಳೆ ಎಂದು ಓಣಿಯವರು ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ. ಒಂದು ದಿನ ಅವಳನ್ನೇ ಕೇಳಿದೆ.

"ಟಿವಿ ಅಳೀತೀವಿ, ಆಯಿ," ಎಂದಳು.

"ಟಿವಿ ಅಳಿಯಾಕ ಅಷ್ಟ ಸಾಲಿ ಕಲೀಬೇಕಿತ್ತೇನ? ಬಡಿಗ್ಯಾನ ಕೈಯಾಗ ಪಟ್ಟಿ ಕೊಟ್ಟಿದ್ರ ಅಂವಾ ಅಳದ ಕೊಡತಿದ್ದ."

"ಡಬ್ಬಿ ಅಲ್ಲ ಆಯಿ, ಅದರಾಗ ಬರೂ ಚಿತ್ರ. ಎಷ್ಟ ಥರಾ ಥರಾದ್ದ ಬರತಾವ ಅನ್ನೂದನ್ನ ಅಳೀತೀವಿ."

ಅವಳು ಬಿಡಿಸಿ ಹೇಳಿದಳು. ಟಿವಿಯಲ್ಲಿ ಬರುವುದನ್ನೆಲ್ಲ ಹಿಡಿದಿಟ್ಟು ರಾಶಿ ಹಾಕುತ್ತಾರಂತೆ. ವಿಡಿಯೋದ ಹೊಸ ಮಷೀನು ಮಾಡುವವರು ತಮ್ಮ ಮಷೀನನ್ನು ಆ ರಾಶಿಯ ಮೇಲೆ ಓಡಿಸಿ ನೋಡುತ್ತಾರೆ. ರಾಶಿಯಲ್ಲಿ ಬರೀ ಒಂದೇ ನಮೂನೆಯ ಚಿತ್ರ ತುಂಬಿದ್ದರೆ ಆ ಪರೀಕ್ಷೆ ಸುಳ್ಳು. ಅದಕ್ಕೇ ಮೊದಲು ರಾಶಿಯಲ್ಲಿ ಕತ್ತಲೆಯದ್ದು ಎಷ್ಟು, ಬೆಳಕಿನದ್ದು ಎಷ್ಟು, ಓಡುವುದು ಎಷ್ಟು, ಕೂತದ್ದು ಎಷ್ಟು ಎಂದು ನೋಡಬೇಕು.

"ಸಂತ್ಯಾಗ ಒಂದಽ ಅಂಗಡಿ ಬದನಿಕಾಯಿ ನೋಡಿ ಬಂದು, ಸಂತಿ ನೋಡೀನಿ ಅಂದ್ರ ಹೆಂಗ, ಹಂಗ," ಎಂದಳು. ಅದು ನನಗೆ ತಿಳಿಯಿತು.

ಎಣಿಸುವ ಕೆಲಸ ಕಂಪ್ಯೂಟರೇ ಮಾಡುತ್ತದೆ. ಆದರೆ ಕಂಪ್ಯೂಟರು ಇವೆರಡು ಬೇರೆ ಬೇರೆ ಎಂದರೆ ಮನುಷ್ಯರ ಕಣ್ಣಿಗೂ ಬೇರೆ ಅನಿಸಬೇಕಲ್ಲ? ಅದನ್ನು ತಾಳೆ ನೋಡಲು ಮನುಷ್ಯರು ಬೇಕು. ಕಲಿತವರು, ಕಲಿಯದವರು, ಹರೆಯದವರು, ಮುದುಕರು. "ಮುದುಕರು ಕಡಿಮಿ ಬಿದ್ದಾರ, ನಿನ್ನ ಕಣ್ಣ ಕೊಡು," ಎಂದಳು. ಕೊಟ್ಟೆ.

ಹೊರಸಿನ ಮೇಲೆ ತನ್ನ ಲ್ಯಾಪ್‌ಟಾಪು ಇಟ್ಟಳು. ಮಗ್ಗದ ಸದ್ದು ಕೇಳಬಾರದು ಎಂದು ಕಿವಿ ತುಂಬ ದಪ್ಪನೆಯ ಹೆಡ್‌ಫೋನು ಹಾಕಿದಳು. ಹಸಿರು ಗುಂಡಿ ಒತ್ತಿದರೆ ಹೌದು, ಕೆಂಪು ಒತ್ತಿದರೆ ಅಲ್ಲ. ಇಷ್ಟು ಹೇಳಿ ತಾನು ಹೊರಗೆ ಹೊರಟಳು.

"ನೀ ಎಲ್ಲಿ ನಡದಿ?"

"ನಾ ಇಲ್ಲಿ ಇರಬಾರದು ಆಯಿ. ಇದ್ರ ನಾನಽ ಹೇಳಿಕೊಟ್ಟಂಗ ಆಗತೈತಿ. ಅವರು ಏನ ಕೇಳತಾರ, ನಿನಗ ಅನಿಸಿದ್ದ ಒತ್ತು."

ಎರಡು ಚಿತ್ರ ಅಕ್ಕಪಕ್ಕ ಬಂದವು. ಕಿವಿಯಲ್ಲಿ ಒಬ್ಬ ಹುಡುಗಿ ಮರಾಠಿಯಲ್ಲಿ ಕೇಳಿದಳು: "ಹೇ ಸಾರಖಂ ದಿಸತಂ ಕಾ?"

ನಾನು ಎಡವಿದ್ದು ಅಲ್ಲೇ. ಮರಾಠಿಯಲ್ಲಿ ಸಾರಖಂ ಎಂದರೆ ಒಂದೇ ಥರದ್ದು ಎಂದೂ ಹೌದು, ಬಿಡದೆ ಮೇಲಿಂದ ಮೇಲೆ ಎಂದೂ ಹೌದು. ಹುಡುಗಿ ಕೇಳಿದ್ದು ಇವೆರಡು ಒಂದೇ ಥರ ಕಾಣುತ್ತವೆಯೇ ಎಂದು. ನಾನು ಮರಾಠಿಯನ್ನು ಸಾಲೆಯಲ್ಲಿ ಕಲಿತವಳಲ್ಲ. ಸಾಲೆ ನಾನು ಕಂಡದ್ದೇ ಮೂರನೇ ಇಯತ್ತೆಯ ತನಕ, ಅದೂ ಕನ್ನಡದ್ದು. ನನ್ನ ಮರಾಠಿ ಎಲ್ಲ ಶೆಡ್ಡಿನದು. ಅಲ್ಲಿ ಮಗ್ಗ ರಿಪೇರಿಯ ಜಾಬರ್ ಬಂದು ನಮ್ಮ ತಲೆಯ ಮೇಲೆ ನಿಂತು, "ಧಾಗಾ ಸಾರಖಾ ತುಟತೋಯ್" ಎಂದು ಒದರುತ್ತಿದ್ದ. ನೂಲು ಬಿಡದೆ ಹರಿಯುತ್ತಿದೆ ಎಂದು. ನಾವು ಎದುರು ಮಾತಾಡಿದರೆ, ಈ ಹೆಂಗಸು ಸಾರಖೀ ಬಡಬಡಿಸುತ್ತಾಳೆ ಎನ್ನುತ್ತಿದ್ದ. ನನಗೆ ಗೊತ್ತಿದ್ದ ಸಾರಖಂ ಅದೊಂದೇ. ಹಾಗಾಗಿ ಇದು ಟಿವಿಯಲ್ಲಿ ಮೇಲಿಂದ ಮೇಲೆ ಕಾಣುತ್ತದೆಯೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆ. ದಿನವೆಲ್ಲ ಟಿವಿ ಮುಂದೆ ಕೂರುವ ಮುದುಕಿಯನ್ನು ಮತ್ತೇನು ಕೇಳುತ್ತಾರೆ?

ಒಂದು ಕಡೆ ಧಾರಾವಾಹಿಯ ಅತ್ತೆ ಕಣ್ಣು ಕಿಸಿದು ನಿಂತಿದ್ದಳು. ಇನ್ನೊಂದು ಕಡೆ ಸುದ್ದಿಯವರ ಚೌಕಗಳಲ್ಲಿ ಗಂಡಸರು ಬಾಯಿ ತೆರೆದಿದ್ದರು. ಎರಡೂ ಬೆಳಗಿನಿಂದ ಸಂಜೆವರೆಗೆ ಬರುವಂಥವೇ. ಹಸಿರು ಒತ್ತಿದೆ. ಬಟ್ಟೆ ತೊಳೆಯುವ ಪುಡಿ, ಕ್ರಿಕೆಟ್ಟು. ಹಸಿರು. ಸ್ವಲ್ಪ ಹೊತ್ತಿಗೆ ಹಿಮದ ಮೇಲೆ ಕುಳಿತ ಬಿಳಿ ಹಕ್ಕಿ ಬಂತು. ಎಡಕ್ಕೂ ಅದೇ, ಬಲಕ್ಕೂ ಅದೇ. ಚಿತ್ರ ಇಟ್ಟವರು ನೋಡದೆ ಒಂದನ್ನೇ ಎರಡು ಕಡೆ ಇಟ್ಟಿದ್ದಾರೆ, ನಾಳೆ ಸಾಹೇಬ ಬೈಯುತ್ತಾನೆ, ಪಾಪ ಎಂದುಕೊಂಡೆ. ಆ ಹಕ್ಕಿಯನ್ನು ನಾನು ಹುಟ್ಟಿದಾಗಿನಿಂದ ಟಿವಿಯಲ್ಲಿ ಕಂಡವಳಲ್ಲ. ಕೆಂಪು ಒತ್ತಿದೆ. ಹಾಗೆ ಒಂದನ್ನೇ ಎರಡು ಕಡೆ ಇಟ್ಟಂಥವು ಮತ್ತೂ ಬಂದವು, ಎಲ್ಲ ನೋಡದ ನಮೂನೆಯವೇ. ಎಲ್ಲಕ್ಕೂ ಕೆಂಪು.

ಅವು ತಪ್ಪಿ ಇಟ್ಟವಲ್ಲ. ಕೂತವರು ಗಮನ ಕೊಟ್ಟು ನೋಡುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ಬೇಕೆಂದೇ ಇಟ್ಟವು.

ಮುಂದಿನ ಸಲ ಮೊಮ್ಮಗಳು ಬಂದಾಗ ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಅಪ್ಪ ಅವ್ವನ ಜೊತೆ ಮಾತಿಗೆ ನಿಂತಳು. ಮಗ್ಗ ನಡೆದಿತ್ತು, ಆದ್ದರಿಂದ ದನಿ ತಗ್ಗಿಸುವ ಕಾರಣ ಅವರಿಗಿರಲಿಲ್ಲ. ಒಂದನ್ನು ಅವರು ಮರೆತಿದ್ದರು. ಕಾಂಡಿ ತುಂಬುವ ಹೆಂಗಸರು ಆ ಗದ್ದಲದಲ್ಲಿ ತುಟಿ ನೋಡಿಯೇ ಒಬ್ಬರಿಗೊಬ್ಬರು ಸುಖ ದುಃಖ ಹೇಳಿಕೊಂಡವರು. ಮಗ, ಮೊಮ್ಮಗಳು ನನಗೆ ಬೆನ್ನು ಮಾಡಿದ್ದರು. ಸೊಸೆಯ ಮುಖ ಮಾತ್ರ ಕಾಣುತ್ತಿತ್ತು. ಸೊಸೆಯ ತುಟಿ ಅಂದದ್ದು: "ಗ್ಯಾಸ ಹಚ್ಚೂದ ಮೊದಲ ಬಿಡಸ್ರಿ."

ಮರುದಿನ ಲೈಟರು ಮೇಲಿನ ಹಲಗೆ ಏರಿತು. ನನ್ನ ಕೈಗೆ ಎಟುಕದ ಹಲಗೆ. ಚಹಾಕ್ಕೆ ನೀರಿಡಲು ಹೋದರೆ ಸೊಸೆ ಓಡಿ ಬಂದಳು.

"ನೀವ ಕುಂದರ್ರಿ ಅತ್ತಿ, ನಾ ಮಾಡತೇನ್ರಿ."

"ಇಷ್ಟ ವರ್ಷ ಕುಂದರ ಅನ್ನಲಿಲ್ಲ. ಇವತ್ತೇನ ನನ್ನ ಸೀಮಂತೇನ?"

ಅವಳು ನಗಲಿಲ್ಲ. "ಅತ್ತಿ, ಇವತ್ತ ಯಾ ವಾರ್ರಿ?" ಎಂದಳು.

"ನಿನ್ನ ಗಂಡಗ ರಾತ್ರಿ ಪಾಳಿ ಇರೂ ವಾರ. ತವರಿಗಿ ಹೋಗಾಕಿ ಅದೀಯೇನ, ವಾರ ಕೇಳಾಕತ್ತಿ?"

ಮಗನೂ ಶುರು ಮಾಡಿದ. ಉಣ್ಣುತ್ತ ಉಣ್ಣುತ್ತ, "ಅವ್ವಾ, ನನ್ನ ಮೊಬೈಲ ನಂಬರ ಹೇಳು ನೋಡೂಣು," ಎಂದ.

"ಅದ ನನಗ ಯಾವಾಗ ಗೊತ್ತಿತ್ತು, ಈಗ ಮರಿಯಾಕ?"

ಉತ್ತರ ಕೊಟ್ಟೆ, ನಿಜ. ಆದರೆ ಅವರು ಕೇಳಿ ಕೇಳಿ ನನ್ನೊಳಗೂ ಒಂದು ಹುಳ ಬಿಟ್ಟರು. ಒಳಗಿನ ಖೋಲಿಗೆ ಹೋಗುತ್ತೇನೆ, ಯಾಕೆ ಬಂದೆ ಎಂದು ನಿಲ್ಲುತ್ತೇನೆ. ಹಿಂದೆಯೂ ನಿಲ್ಲುತ್ತಿದ್ದೆನೋ ಏನೋ, ಆಗ ಅದಕ್ಕೆ ಕಿಮ್ಮತ್ತು ಕೊಟ್ಟಿರಲಿಲ್ಲ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮೊದಲಾಗಿದ್ದರೆ ಸೊಸೆ ಓಣಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ. ಹೊತ್ತು ಹೋಗುತ್ತಿತ್ತು. ಆ ದಿನ ಅವಳು ನಾಲಿಗೆಗೆ ಹಚ್ಚಿ ನೋಡಿದಳು, ಏನೂ ಅನ್ನದೆ ನೀರು ಸುರಿದು ಮತ್ತೆ ಕುದಿಸಿದಳು. ಅವಳು ಬೈಯದಿದ್ದದ್ದು ನನಗೆ ಬೈಗುಳಕ್ಕಿಂತ ಕಡೆಯಾಯಿತು. ಬೈದು ಉಪಯೋಗವಿಲ್ಲದವರನ್ನು ಮಾತ್ರ ಜನ ಬೈಯುವುದಿಲ್ಲ.

ಮೊದಲು ಕೊಲ್ಲಾಪುರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಪೊರೆ ತೆಗೆಸಿ ಬಹಳ ದಿನವಾಯಿತು, ಒಮ್ಮೆ ತೋರಿಸೋಣ ಎಂದು ಮಗ ಹೇಳಿದ. ಡಾಕ್ಟರು ದೀಪ ಹಾಕಿ ನೋಡಿದರು, ಮೇಲೆ ಕೆಳಗೆ ನೋಡಿಸಿದರು. ಕಣ್ಣು ಚೆನ್ನಾಗಿವೆ, ಏನೂ ತೊಂದರೆ ಇಲ್ಲ ಎಂದರು. ಅದನ್ನು ಕೇಳಿ ಮಗನ ಮುಖ ಸಣ್ಣದಾಯಿತು. ನಾನು ಅದನ್ನು ನೋಡಿದೆ. ನನ್ನ ಕಣ್ಣು ಕೆಟ್ಟಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಆಮೇಲೆ ಗಡಹಿಂಗ್ಲಜ. ಅಲ್ಲಿ ನನ್ನ ಮಗಳು ಇದ್ದಾಳೆ. ಅವಳು ನೆನೆಸುತ್ತಿದ್ದಾಳೆ, ನಾಲ್ಕು ದಿನ ಇದ್ದು ಬಾ ಎಂದು ಮಗ ಪಾಳಿ ಬಿಟ್ಟು ಬಸ್ಸು ಹತ್ತಿಸಿಕೊಂಡು ಹೊರಟ. ಪಾಳಿ ಬಿಟ್ಟು ಅವನು ತಂಗಿಯ ಮನೆಗೆ ಎಂದೂ ಹೋದವನಲ್ಲ. ಮುಂದೆ ಕಬ್ಬಿನ ಟ್ರಾಲಿ ಸಾಲು ಹಿಡಿದು ಬಸ್ಸು ಆಮೆಯ ಹಾಗೆ ಹೋಗುತ್ತಿತ್ತು. ನಾನು ಕೇಳಿಯೇ ಬಿಟ್ಟೆ.

"ಯಾ ಡಾಕ್ಟರ ಕಡೆ ಒಯ್ಯಾಕತ್ತಿ?"

ಅವನು ಕಿಟಕಿಯ ಕಡೆ ತಿರುಗಿದ. "ತಂಗಿ ಕಡೆ, ಅವ್ವಾ."

"ತಂಗಿ ಊರಾಗಿನ ಯಾ ಡಾಕ್ಟರ ಕಡೆ?"

"ತಲಿದು," ಎಂದ.

ತಲೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮರಾಠಿಯವಳಾದರೂ ನನಗಾಗಿ ಕನ್ನಡ ಮಾತಾಡಿದಳು. "ಅಜ್ಜಿ, ಘಾಬರಿ ಆಗಬ್ಯಾಡ್ರಿ, ನಾ ಸುಮ್ಮ ಕೇಳತೀನಿ," ಎಂದಳು. ಆಂಬಾ ಎಂದರೆ ಮಾವು, ಬೈಲ ಎಂದರೆ ಎತ್ತು, ಮತ್ತೆ ಖುರ್ಚಿ, ಈ ಮೂರು ಮಾತು ನೆನಪಿಡಿ, ಆಮೇಲೆ ಕೇಳುತ್ತೇನೆ ಎಂದಳು. ಕಾಗದ ಪೆನ್ನು ಕೊಟ್ಟು ಗಡಿಯಾರ ಬರೆಯಿರಿ ಎಂದಳು. ನಾನು ಪೆನ್ನು ಹಿಡಿದದ್ದೇ ರೇಶನ್ ಅಂಗಡಿಯಲ್ಲಿ ಸಹಿ ಮಾಡಲು. ಗಡಿಯಾರ ಎಲ್ಲಿ ಬರೆಯಲಿ? ಉರುಟಾಗಿ ಏನೋ ಗೀಚಿದೆ, ಬದನೆಕಾಯಿಯ ಹಾಗಾಯಿತು. ನೂರರಿಂದ ಏಳು ಕಳೆಯುತ್ತ ಹೋಗಿ ಎಂದಳು. "ನನಗ ಸಂತಿ ಲೆಕ್ಕ ಬರತೈತಿ ಯವ್ವಾ, ಸುಮ್ಮ ಸುಮ್ಮನ ಕಳಿಯೂದ ಬರೂದಿಲ್ಲ," ಎಂದೆ. ಅವಳು ನಕ್ಕು, ಹೋಗಲಿ ಬಿಡಿ, ಸಾಲೆ ಇಲ್ಲದವರಿಗೆ ಅದು ಕಷ್ಟ ಎಂದಳು. ಊರಿನ ಸುದ್ದಿ, ಮಕ್ಕಳ ಸುದ್ದಿ ಕೇಳಿದಳು. ಎಲ್ಲ ಹೇಳಿದೆ.

"ಈಗ ಆ ಮೂರ ಮಾತ ಹೇಳ್ರಿ."

"ಆಂಬಾ. ಬೈಲ."

ಮೂರನೆಯದು ಬರಲಿಲ್ಲ. ಬಾಯಿ ತೆರೆದುಕೊಂಡೇ ಕೂತೆ. ಮೂರನೆಯದು ಒಂದಿತ್ತು ಎಂದು ಗೊತ್ತು. ಅದರ ಜಾಗ ಗೊತ್ತು. ಜಾಗ ಖಾಲಿ. ಮಗಳು ಕ್ಯಾಲೆಂಡರು ನೋಡತೊಡಗಿದಳು. ಮಗ ತನ್ನ ಚಪ್ಪಲಿ ನೋಡತೊಡಗಿದ. ನಾನು ಕುಳಿತದ್ದೇ ಖುರ್ಚಿಯ ಮೇಲೆ.

ಈಗಲೇ ಏನೂ ಹೇಳಲು ಬರುವುದಿಲ್ಲ ಎಂದಳು ಡಾಕ್ಟರು. ವಯಸ್ಸೂ ಇರಬಹುದು, ಭಯವೂ ಇರಬಹುದು. ಕೆಲವು ತಿಂಗಳು ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ. ಅಲ್ಲಿ ತನಕ ಗ್ಯಾಸು, ಬಾಗಿಲು ಇವುಗಳ ಮೇಲೆ ಸ್ವಲ್ಪ ಗಮನ ಇರಲಿ. ಗ್ಯಾಸು ಎಂಬ ಮಾತು ಅವಳ ಬಾಯಿಂದ ಬರುವುದನ್ನೇ ಕಾಯುತ್ತಿದ್ದವರ ಹಾಗೆ ಮಗ ಮಗಳು ಒಬ್ಬರ ಮುಖ ಒಬ್ಬರು ನೋಡಿದರು.

ಮಗ ನನ್ನನ್ನು ಮಗಳ ಮನೆಯಲ್ಲಿ ಬಿಟ್ಟು ಪಾಳಿಗೆ ವಾಪಸು ಹೋದ. ಮೊಮ್ಮಗಳು ಕೊಲ್ಲಾಪುರದಿಂದ ಅಂದೇ ಸಂಜೆ ಬಂದಳು. ಬಂದವಳು ನನ್ನ ಕಾಲ ಹತ್ತಿರ ಕೂತು ಕಾಲು ಒತ್ತತೊಡಗಿದಳು. ಹೀಗೆ ಎಂದೂ ಒತ್ತಿದವಳಲ್ಲ.

"ಕಾಲ ಬಿಡು," ಎಂದೆ. "ಸಾಯೂ ಮುದುಕಿ ಅಲ್ಲ ನಾ. ಏನ ತಪ್ಪ ಮಾಡೀನಿ, ಎಲ್ಲಿ ಮಾಡೀನಿ, ನನ್ನ ಮುಂದ ಹೇಳು. ನನ್ನ ತಲಿ, ನನ್ನ ಬಿಟ್ಟ ಎಲ್ಲಾರಿಗೂ ಗೊತ್ತೈತಿ."

ಅವಳು ಅತ್ತಳು. ಅಳು ನಿಂತ ಮೇಲೆ ಲ್ಯಾಪ್‌ಟಾಪು ತೆಗೆದಳು. ಹಿಮದ ಹಕ್ಕಿ ಬಂತು, ಎಡಕ್ಕೊಂದು ಬಲಕ್ಕೊಂದು.

"ನೋಡ ಆಯಿ. ಇವೆರಡೂ ಒಂದಽ ಚಿತ್ರ. ನೀ ಇದಕ್ಕ ಅಲ್ಲ ಅಂದಿ. ಅತ್ತಿ ಮಾರಿ, ಸುದ್ದಿಯವರ ಮಾರಿ, ಇವು ಎಲ್ಲಿಂದೆಲ್ಲಿಗೆ! ಅದಕ್ಕ ಹೌದ ಅಂದಿ. ನಮ್ಮ ಆಫೀಸಿನವರು, ಇವರಿಗಿ ಕಣ್ಣ ಕಾಣತಾವೋ ಇಲ್ಲೋ ನೋಡ್ರಿ, ಅಂದ್ರು. ಕಣ್ಣ ಛಲೋ ಅದಾವ ಅಂದ ಮ್ಯಾಲೆ ನನಗ ಅಂಜಿಕಿ ಆತು."

"ಒಂದಽ ಚಿತ್ರ ಎರಡ ಕಡೆ ಐತಿ ಅಂತ ನನಗ ಅವತ್ತಽ ಗೊತ್ತಾಗೇತಿ. ನಾ ಕುಡ್ಡಿ ಏನ?"

"ಮತ್ತ ಯಾಕ ಕೆಂಪ ಒತ್ತಿದಿ?"

"ಆ ಹಕ್ಕಿ ಟಿವ್ಯಾಗ ಸಾರಖಂ ಎಲ್ಲಿ ದಿಸತೈತಿ? ವರ್ಷಕ್ಕ ಒಮ್ಮಿರೆ ಬರತೈತೇನ? ಆ ಅತ್ತಿ ಮಾರಿ ನೋಡು, ಬೆಳಗಿಂದ ಬೈಗಿನ ತನಕ ಅಕೀದಽ. ಅದಕ್ಕ ಹಸರ."

ಮೊಮ್ಮಗಳು ಹಣೆ ಹಿಡಿದುಕೊಂಡಳು. "ಆಯಿ! ಸಾರಖಂ ಅಂದ್ರ ಒಂದಽ ಥರಾ!"

"ನಿಮ್ಮ ಸಾಲ್ಯಾಗ ಇರಬಹುದು. ನಮ್ಮ ಶೆಡ್ಡಿನ್ಯಾಗ ಸಾರಖಾ ಅಂದ್ರ ಬಿಡದಂಗ."

ಮಗಳು ಒಲೆಯ ಮುಂದಿನಿಂದ ಎದ್ದು ಬಂದಳು. ಅವಳು ಗಡಹಿಂಗ್ಲಜಕ್ಕೆ ಕೊಟ್ಟವಳು, ಮನೆಯಲ್ಲಿ ಮರಾಠಿಯೇ ಹೆಚ್ಚು. "ಅವ್ವ ಅನ್ನೂದೂ ಖರೇನಽ ಐತಿ. ಎರಡೂ ಅಂತಾರ. ನಾವೂ ಅನ್ನೂದಿಲ್ಲೇನ, ಒಂದಽ ಸಮನ ಮಳಿ ಹತ್ತೇತಿ ಅಂತ?" ಎಂದು ನಗತೊಡಗಿದಳು. ಮೊಮ್ಮಗಳು ಅಳುತ್ತ ನಕ್ಕಳು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ತೊಡೆ ಬಡಿದುಕೊಂಡು ನಕ್ಕೆ. ಮೊಮ್ಮಗಳು ಅಪ್ಪನಿಗೆ ಫೋನು ಮಾಡಿ ಹೇಳಿದಳು. ಶೆಡ್ಡಿನ ಗದ್ದಲದ ನಡುವೆ ಅವನು, "ಏನ? ಏನ?" ಎಂದು ಒದರಿ, ತಿಳಿದ ಮೇಲೆ, "ಹಂಗಾದ್ರ ಏನೂ ಇಲ್ಲ ಬಿಡು!" ಎಂದದ್ದು ನನಗೂ ಕೇಳಿಸಿತು.

ಅದೇ ಹೊತ್ತಿಗೆ ಮಗಳ ನಗು ನಿಂತಿತು. ಅವಳಿಗೆ ಕೆಟ್ಟದ್ದನ್ನು ಬಯಸುವ ಮನಸ್ಸಿಲ್ಲ, ಮನಸ್ಸಿಗೆ ಬಂದದ್ದು ಬಾಯಿಗೆ ಬರುತ್ತದೆ, ನನ್ನ ಹಾಗೆಯೇ.

"ಹಂಗಾದ್ರ ಖುರ್ಚಿ ಯಾಕ ಮರತಿ, ಅವ್ವಾ?"

ಮೊಮ್ಮಗಳು ಲ್ಯಾಪ್‌ಟಾಪು ಮುಚ್ಚಿದಳು. ಮಾತಿನ ಅರ್ಥ ತಪ್ಪಿ ಡಾಕ್ಟರ ತನಕ ಹೋದೆ, ಸರಿ. ಅಲ್ಲಿ ಕಳೆದುಹೋದ ಮಾತಿಗೆ ಯಾವ ಮರಾಠಿಯೂ ಕಾರಣವಲ್ಲ. ನನ್ನನ್ನು ಅಲ್ಲಿಗೆ ಒಯ್ಯದೇ ಇದ್ದಿದ್ದರೆ ಅದು ಕಳೆದದ್ದೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೆ ಇರುವುದು ಒಳ್ಳೆಯದಿತ್ತೋ, ಗೊತ್ತಾದದ್ದು ಒಳ್ಳೆಯದೋ, ಅದೂ ತಿಳಿಯದು.

ಆಫೀಸಿನವರು ನನ್ನ ಉತ್ತರಗಳನ್ನೆಲ್ಲ ತೆಗೆದು ಹಾಕಿದರಂತೆ. ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತಾರಂತೆ ಇನ್ನು ಮುಂದೆ. ಮೊಮ್ಮಗಳು ಇನ್ನೊಂದು ಸಲ ಕೂರುತ್ತೀಯಾ ಎಂದು ಕೇಳಿದಳು. ಒಲ್ಲೆ ಎಂದೆ. ಸಿಟ್ಟಿನಿಂದಲ್ಲ. ಈ ಸಲ ಪ್ರಶ್ನೆ ಸರಿಯಾಗಿ ತಿಳಿದು ಉತ್ತರ ತಪ್ಪಿದರೆ ಏನು ಮಾಡುವುದು?

ಇಚಲಕರಂಜಿಗೆ ಬಂದಾಗ ಲೈಟರು ಹಲಗೆ ಇಳಿದು ಒಲೆಯ ಪಕ್ಕಕ್ಕೆ ಬಂದಿತ್ತು. ಆದರೆ ನಾನು ಒಲೆ ಹಚ್ಚಲು ಹೋದಾಗಲೆಲ್ಲ ಸೊಸೆ ಬಾಗಿಲ ಹಿಂದೆ ಬಂದು ನಿಲ್ಲುತ್ತಾಳೆ. ಕಸ ಬಳಿಯುವ ನೆವ, ಬಟ್ಟೆ ಮಡಚುವ ನೆವ. ಮಗ್ಗದ ಸದ್ದಿನಲ್ಲಿ ಅವಳ ಹೆಜ್ಜೆ ಕೇಳುವುದಿಲ್ಲ, ಗೋಡೆಗೆ ಒರಗಿಸಿದ, ಹಿಟ್ಟು ನಾದುವ ಸ್ಟೀಲಿನ ಪರಾತದಲ್ಲಿ ಅವಳ ಸೀರೆಯ ಬಣ್ಣ ಬೀಳುತ್ತದೆ. ಅವಳದ್ದೇನು ಹೇಳಲಿ, ನಾನೇ ಈಗ ನನ್ನ ಹಿಂದೆ ನಿಂತಿದ್ದೇನೆ. ಗ್ಯಾಸು ಆರಿಸಿ ಹೊರಗೆ ಬರುತ್ತೇನೆ, ತಿರುಗಿ ಹೋಗಿ ಒಲೆಯ ಗುಂಡಿ ಮುಟ್ಟಿ ನೋಡುತ್ತೇನೆ. ಕೂತಲ್ಲಿ ಕೂತು ಖುರ್ಚಿ, ಖುರ್ಚಿ ಎಂದುಕೊಳ್ಳುತ್ತೇನೆ. ಮುಂದಿನ ಸಲ ಡಾಕ್ಟರು ಅದನ್ನು ಕೇಳುವುದಿಲ್ಲ, ಬೇರೆ ಮಾತು ಕೊಡುತ್ತಾಳೆ ಎಂದು ಗೊತ್ತಿದ್ದರೂ.

ಮೊನ್ನೆ ಮಧ್ಯಾಹ್ನ ಚಹಾಕ್ಕೆ ಇಟ್ಟೆ. ಪರಾತದಲ್ಲಿ ಸೀರೆಯ ಬಣ್ಣ ಬಿತ್ತು. ತಿರುಗದೆಯೇ ಗಟ್ಟಿಯಾಗಿ ಕರೆದೆ.

"ಬಾ, ಈ ಕಡೆ ಬಾ. ಮುಂದ ನಿಂತ್ಕೊ."

"ನಾ ಏನ್ ನೋಡಾಕತ್ತಿಲ್ಲರಿ ಅತ್ತಿ, ಬಟ್ಟಿ..."

"ನೋಡಬ್ಯಾಡ ಅಂತ ನಾ ಅಂದೇನೇನ? ನೋಡು. ನೋಡೂದೈತಿ ಅಂದ್ರ ಕಳ್ಳರಂಗ ಹಿಂದ ನಿಂತ ನೋಡಬ್ಯಾಡ. ಮುಂದ ನಿಂತ ನೋಡು. ನಾ ಮರತ್ರ ಬಾಯಿ ಬಿಟ್ಟ ಹೇಳು."

ಅವಳು ಬಂದು ಕಟ್ಟೆಯ ಆಚೆ ನಿಂತಳು. ಸೆರಗಿನಿಂದ ಕೈ ಒರೆಸಿಕೊಂಡಳು. ನಾನು ಹಾಲು ಹಾಕಿದೆ, ಪುಡಿ ಹಾಕಿದೆ. ಚಹಾ ಉಕ್ಕಿ ಬಂತು, ಉರಿ ಸಣ್ಣ ಮಾಡಿ ಸೋಸಲು ಬಟ್ಟಲು ತೆಗೆದುಕೊಂಡೆ. ಅವಳ ತುಟಿ ಸ್ವಲ್ಪ ಅಲುಗಿತು, ನಿಂತಿತು. ಆಮೇಲೆ ಅವಳು ಮೊದಲಿನ ಹಾಗೆ, ಮಗ್ಗದ ಸದ್ದನ್ನೂ ಮೀರಿ ಒದರಿದಳು.

"ಸಕ್ರಿ ಯಾರ, ನಿಮ್ಮ ಅಪ್ಪ ಬಂದ ಹಾಕತಾನೇನ್ರಿ?"

ಹಾಕುವವಳಿದ್ದೆನೋ, ಮರೆತಿದ್ದೆನೋ, ದೇವರಾಣೆ ನನಗೇ ಗೊತ್ತಿಲ್ಲ. ಡಬ್ಬಿ ತೆಗೆದು ಸಕ್ಕರೆ ಹಾಕಿದೆ.